ಬಿ ದರ್ಜೆಯ ಗುರುಪಾದ

ಹಳೆಯ ಸಾಮಾನು ಕೊಳ್ಳುವುದರಲ್ಲಿ ಗುರುಪಾದರನ್ನು ಮೀರಿಸುವವರು ಮುಂಬಯಿಯ ಇಡೀ ಜೋಗೇಶ್ವರಿಯಲ್ಲಿ ಇಲ್ಲ ಎಂದು ಮೊದಲು ಹೇಳಿದವರು ಸ್ವತಃ ಗುರುಪಾದರೇ. ಆಮೇಲೆ ಬಿಲ್ಡಿಂಗಿನವರಾದ ನಾವೂ ಹಾಗೆಯೇ ಹೇಳತೊಡಗಿದೆವು. ಹಾಗೆ ಹೇಳಿದರೆ ಅವರು ಭಾನುವಾರದ ನಿದ್ದೆ ಬಿಟ್ಟು, ಸ್ವಂತ ಖರ್ಚಿನಲ್ಲಿ ಟಿಕೆಟ್ ತೆಗೆದುಕೊಂಡು, ನಮ್ಮ ಜೊತೆ ಕುರ್ಲಾದ ಹಳೇ ಸಾಮಾನಿನ ಗಲ್ಲಿಗೆ ಬರುತ್ತಿದ್ದರು. ನಮ್ಮ ಮನೆಯ ಫ್ರಿಜ್ಜು, ಕೆಳಗಿನ ಮನೆಯ ಸದಾನಂದನ ಮಿಕ್ಸರ್, ಮೂರನೇ ಮಹಡಿಯವರ ಸೋಫಾ, ಎಲ್ಲವೂ ಅವರು ತಟ್ಟಿ, ಮೂಸಿ, ಮಗುಚಿ ನೋಡಿದ ಮೇಲೆಯೇ ಮೆಟ್ಟಿಲು ಹತ್ತಿದಂಥವು.

ಅವರದು ಒಂದೇ ಸೂತ್ರ. "ಮಾರಾಂವ ಏನ ಹೇಳ್ತಾನ, ಅದರಾಗ ಎರಡ ಮೆಟ್ಟಲಾ ಇಳಸ್ರಿ. 'ಹೊಸಾದ ಐತಿ' ಅಂದ್ರ ಹಳೇದು. 'ಸ್ವಲ್ಪ ಬಳಸೇವಿ' ಅಂದ್ರ ರಿಪೇರಿ ಆಗಿ ಬಂದದ್ದು. 'ಸಣ್ಣ ರಿಪೇರಿ ಐತಿ' ಅಂದ್ರ ಗುಜರಿ. 'ಗುಜರಿ ಐತ್ರಿ' ಅಂತ ಅವನ ಬಾಯಿಲೆ ಅಂದ್ರ ಅಲ್ಲಿ ನಿಂದರಬ್ಯಾಡ್ರಿ, ಅದು ಕದ್ದ ಮಾಲು!"

ಇನ್ನು ನನ್ನ ವಿಷಯ. ನಾನು ರಾಮಸ್ವಾಮಿ, ಹಾಸನದ ಕಡೆಯವನು, ಗುರುಪಾದರ ಪಕ್ಕದ ಮನೆಯವನು. ಮನೆಯಷ್ಟೇ ಅಲ್ಲ, ನೌಕರಿಯೂ ಪಕ್ಕಪಕ್ಕದಲ್ಲೇ. ಸ್ಟೇಶನ್ನಿನ ಆಚೆ ಸಣ್ಣ ಸಣ್ಣ ಕಾರ್ಖಾನೆಗಳ ಒಂದು ಸಾಲಿದೆ. ಅದರಲ್ಲೊಂದು ನೀರಿನ ಪೈಪುಗಳಿಗೆ ವಾಲ್ವ್ ಮಾಡುವ ಕಂಪನಿ. ಅದರ ತಪಾಸಣೆ ವಿಭಾಗದಲ್ಲಿ ನಾವು ಮೂವರು. ವಾಲ್ವು ಸೋರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ಗುರುಪಾದರು, ಪರೀಕ್ಷೆಯಾಯಿತು ಎಂದು ಬರೆಯುವವನು ನಾನು, ಬರೆದದ್ದರ ಮೇಲೆ ಸೀಲು ಹೊಡೆಯುವವನು ಸದಾನಂದ. ಈ ಮೂರರಲ್ಲಿ ಕೆಲಸ ಯಾವುದು ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಗುರುಪಾದರಿಗೆ ಇದ್ದ ಚಟ ಒಂದೇ, ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟುಗಳು. ಟೀವಿಗೆ ಡಬ್ಬಿ ಸಿಕ್ಕಿಸಿ, ಡಬ್ಬಿಗೆ ಕ್ಯಾಸೆಟ್ ಸಿಕ್ಕಿಸಿ, ಬಾರದಿದ್ದರೆ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವ ಆ ಕಾಲದ್ದು. ಇಂಡಿ ತಾಲ್ಲೂಕಿನಿಂದ ಮುಂಬಯಿಗೆ ಬಂದ ಹೊಸತರಲ್ಲಿ ಅಂಗಡಿಯ ಗಾಜಿನ ಆಚೆ ನಿಂತು ನೋಡಿದ ಆಟಗಳನ್ನು ಐವತ್ತೊಂದನೇ ವಯಸ್ಸಿನಲ್ಲಿ ಕುಳಿತು ಆಡುತ್ತಿದ್ದರು. ಕುರ್ಲಾದಲ್ಲಿ ಸಿಗುವುದೆಲ್ಲ ನಕಲಿ ಎಂದು ಅವರ ಮಗಳು ರಂಜನಾ ಫೋನಿನಲ್ಲಿ ಒಂದು ಜಪಾನಿ ತಾಣ ತೋರಿಸಿದಳು. ಅಲ್ಲಿನ ಜನ ತಮ್ಮ ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ದರ್ಜೆ ಹಾಕಿ ಮಾರುತ್ತಾರೆ. ಹೊಚ್ಚಹೊಸದು ಎಸ್, ಹೊಸದರಂಥದ್ದು ಎ, ಬಳಸಿದ್ದು ಬಿ, ಸವೆದದ್ದು ಸಿ, ಕೊನೆಯದು ಜಂಕ್.

ಕಪ್ಪೆಯೊಂದು ಗೋಡೆ ಹತ್ತುವ ಆಟ ಗುರುಪಾದರ ಕಣ್ಣಿಗೆ ಬಿತ್ತು. ದರ್ಜೆ ಬಿ. ಕೆಳಗೆ ಮಾರುವವನ ಟಿಪ್ಪಣಿ: 'ಲೇಬಲ್ಲಿನ ಎಡಮೂಲೆಯಲ್ಲಿ ಮೂರು ಮಿಲಿಮೀಟರಿನ ಗೀರು ಇದೆ. ಬಣ್ಣ ಸ್ವಲ್ಪ ಮಾಸಿದೆ. ನನ್ನ ಎಚ್ಚರಗೇಡಿತನಕ್ಕೆ ಕ್ಷಮೆ ಇರಲಿ. ಪರೀಕ್ಷಿಸಲಾಗಿದೆ, ಕೆಲಸ ಮಾಡುತ್ತದೆ.'

ಗುರುಪಾದರು ನಕ್ಕರು. "ಬಿ ಅಂದ್ರ ಎರಡ ಮೆಟ್ಟಲಾ ಇಳಸ್ರಿ. ಜಂಕ್! ಅದರಾಗ ತಾನ ಗೀರು ಐತಿ ಅಂತ ಹೇಳಾಕತ್ಯಾನ. ಗೀರು ತೋರಿಸಿ ಬಿರುಕು ಮುಚ್ಚೂ ಆಟ ಇದು. ಇವರ ಅಪ್ಪನ್ನ ನೋಡೇನ ನಾ ಕುರ್ಲಾದಾಗ."

ಫೋನಿನಲ್ಲೇ ಭಾಷೆ ಬದಲಾಯಿಸಿ ಆ ಜಪಾನಿನವನಿಗೆ ಕಾಗದ ಹೋಯಿತು. 'ಅಣ್ಣಾ, ಖರೇ ಹೇಳು. ಒಳಗೆ ಏನಾಗಿದೆ?' ಮರುದಿನ ಉತ್ತರ ಬಂತು. ಜೊತೆಗೆ ಹದಿನಾಲ್ಕು ಹೊಸ ಫೋಟೋ. 'ತಾವು ಕೇಳಿದ ಮೇಲೆ ಇನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿದೆ. ಹಿಂಬದಿಯಲ್ಲಿ ಇನ್ನೊಂದು ಗೀರು ಇದೆ, ಎರಡು ಮಿಲಿಮೀಟರ್. ಮೊದಲೇ ಹೇಳದಿದ್ದಕ್ಕೆ ನಾಚಿಕೆಯಾಗುತ್ತಿದೆ. ಬೆಲೆ ಇಳಿಸಿದ್ದೇನೆ.'

ಇದನ್ನು ಓದಿ ಗುರುಪಾದರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಕೇಳಲಾರದ ರೇಟ್ ಇಳಿಸ್ಯಾನ, ರಾಮಸ್ವಾಮಿಯವ್ರ. ಎಷ್ಟ ದೊಡ್ಡ ಕಳ್ಳ ಇರಬೇಕ ಅಂವಾ!" ಕೊನೆಗೆ, ಅವನ ಬಂಡವಾಳ ಬಯಲು ಮಾಡಲಿಕ್ಕಾದರೂ ಸರಿ ಎಂದು ಕ್ಯಾಸೆಟ್ ತರಿಸಿದರು.

ಪಾರ್ಸೆಲ್ಲು ಸುಂಕಕ್ಕೆ ಸಿಕ್ಕಿಬಿತ್ತು. ಪೋಸ್ಟಾಫೀಸಿನ ಕಿಟಕಿಯಲ್ಲಿದ್ದ ಗುಮಾಸ್ತ ಅದರ ಮೇಲಿನ ಚೀಟಿ ಓದಿ ಕನ್ನಡಕ ಒರೆಸಿಕೊಂಡ. "ಕಾಕಾ, ಇಸನೇ ಪೂರಾ ದಾಮ್ ಲಿಖಾ ಹೈ! ಗಿಫ್ಟ್ ಕ್ಯೂಂ ನಹೀ ಲಿಖಾ?" ಕಳಿಸಿದವನು ಪೂರ್ತಿ ಬೆಲೆ ಬರೆದಿದ್ದಾನೆ, ಕಾಣಿಕೆ ಎಂದೇಕೆ ಬರೆಯಲಿಲ್ಲ ಎಂಬುದು ಅವನ ಬೆರಗು. ಹೊರದೇಶದಿಂದ ಬರುವ ಚಿನ್ನವೂ ಕಾಣಿಕೆ, ಲ್ಯಾಪ್‌ಟಾಪೂ ಕಾಣಿಕೆ ಎಂದು ಬರೆದಿರುವುದನ್ನೇ ಓದಿ ತಲೆ ಹಣ್ಣಾದ ಮನುಷ್ಯ ಆತ. ಪಕ್ಕದ ಕಿಟಕಿಯವನನ್ನೂ ಕರೆದು ತೋರಿಸಿದ. ಇಬ್ಬರೂ ಗುರುಪಾದರನ್ನು ಮೋಸಹೋದ ಬಡಪಾಯಿಯಂತೆ ನೋಡಿ ಸುಂಕ ಕಟ್ಟಿಸಿಕೊಂಡರು.

ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಜನರ ಎದುರಿಗೆ ಪಾರ್ಸೆಲ್ ಬಿಚ್ಚುವ ಸಮಾರಂಭ. ಗುರುಪಾದರ ಹೆಂಡತಿ ದಾನೇಶ್ವರಿ ಎಲ್ಲರಿಗೂ ಚಹಾ ಮಾಡಿದ್ದರು. ಒಂದು ಸುತ್ತು ಕಾಗದ, ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ತೆಳ್ಳನೆಯ ಚೀಲ, ಚೀಲದೊಳಗೆ ಕ್ಯಾಸೆಟ್. ಅಂಗಡಿಯಿಂದ ಈಗ ತಂದಂತಿತ್ತು.

"ಗೀರು ಎಲ್ಲಿ?" ಎಂದರು ಗುರುಪಾದರು.

ಎಲ್ಲರೂ ಹುಡುಕಿದೆವು. ಕಿಟಕಿಯ ಬೆಳಕಿಗೆ ಹಿಡಿದೆವು, ಟ್ಯೂಬ್‌ಲೈಟಿನ ಕೆಳಗೆ ಹಿಡಿದೆವು. ಮೂರನೇ ಮಹಡಿಯ ಅಜ್ಜಿ ಉಗುರಿನಿಂದ ಸವರಿ ನೋಡಿದರು. ಮುಕ್ಕಾಲು ಗಂಟೆಯ ನಂತರ ಸದಾನಂದ ಮೊಬೈಲಿನ ಟಾರ್ಚು ಹಿಡಿದು ಕೂಗಿದ. "ಸಿಕ್ಕಿತು ಮಾರಾಯ್ರೇ! ಇಲ್ಲಿ ಉಂಟು, ಕೂದಲಿನ ಹಾಗೆ!" ಜನ ಚಪ್ಪಾಳೆ ತಟ್ಟಿದರು. ಕ್ಯಾಸೆಟ್ ಸಿಕ್ಕಿಸಿದರೆ, ಊದುವ ಮೊದಲೇ ಕಪ್ಪೆ ಗೋಡೆ ಹತ್ತಿತು.

ಗುರುಪಾದರು ಮಾತ್ರ ಕುರ್ಚಿಯಲ್ಲಿ ಕುಸಿದು ಕೂತರು. "ಇದಕ್ಕ ಅಂವಾ ಬಿ ಕೊಟ್ಟಾನ," ಎಂದರು. "ಇದಕ್ಕ ನಾಚಿಕಿ ಬಂದೈತಿ ಅಂತ ಬರದಾನ. ನಾ ಅವನ್ನ ಕಳ್ಳ ಅಂದೆ."

ಅಂದಿನಿಂದ ಆ ಮನುಷ್ಯ ಕೆಟ್ಟ. ಮೂವತ್ತು ವರ್ಷ ಎರಡು ಮೆಟ್ಟಿಲು ಇಳಿಸಿದವರು ಈಗ ಇದ್ದದ್ದನ್ನು ಇದ್ದಂತೆ ಹೇಳುವ ವ್ರತ ಹಿಡಿದರು. ಇಂಥ ವ್ರತಗಳನ್ನು ಹಿಡಿಯುವವರು ಮೊದಲು ಯಾವ ಊರಿನಲ್ಲಿ ಇದ್ದೇವೆ ಎಂದು ನೋಡಿಕೊಳ್ಳಬೇಕು. ತಮ್ಮ ಹಳೆಯ ಕೂಲರನ್ನು ಮಾರಲು ಬಿಲ್ಡಿಂಗಿನ ವಾಟ್ಸಪ್ಪಿನಲ್ಲಿ ಹಾಕಿದರು: 'ದರ್ಜೆ ಬಿ. ಬಲಗಡೆ ಸಣ್ಣ ತುಕ್ಕು. ಜೋರಾಗಿ ಓಡಿಸಿದರೆ ತುಸು ಸದ್ದು. ಕ್ಷಮೆ ಇರಲಿ.' ತಾವಾಗಿಯೇ ತುಕ್ಕು ಎಂದಿದ್ದಾರೆ, ಹಾಗಾದರೆ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂದು ಜನ ನಿಶ್ಚಯಿಸಿದರು. ಅದೇ ವಾರ ಮೂರನೇ ಮಹಡಿಯವರು 'ಒಂದೇ ಬೇಸಿಗೆ ಬಳಸಿದ್ದು, ಸೂಪರ್ ಕಂಡೀಶನ್' ಎಂದು ಮಾರಿದ ಕೂಲರು ಒಂದು ಗಂಟೆಯಲ್ಲಿ ಹೋಯಿತು. ಅದರಲ್ಲಿ ಮೋಟಾರೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಗುರುಪಾದರದ್ದನ್ನು ಗುಜರಿಯವನು ತೂಕಕ್ಕೆ ಒಯ್ದ.

ದಹಿಸರದಲ್ಲಿ ಅವರ ಷಡ್ಡಕ ಶಂಕ್ರೆಪ್ಪನ ಹಳೆಯ ರಿಕ್ಷಾದ ಮಾರಾಟ ಕುದುರುತ್ತಿತ್ತು. ಕೊಳ್ಳುವವನು ನಡುವೆ ಕೂತಿದ್ದ ಗುರುಪಾದರತ್ತ ತಿರುಗಿ "ಹೆಂಗೈತ್ರಿ ಗಾಡಿ?" ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದ. ಇವರು ಎದ್ದು ನಿಂತು, ಮೂರನೇ ಗೇರು ಜಾರುವುದನ್ನೂ ಹಿಂದಿನ ಚಕ್ರ ಒಂದು ಸಲ ಬಿಚ್ಚಿ ಹೋಗಿದ್ದನ್ನೂ ಹೇಳಿ, ಶಂಕ್ರೆಪ್ಪನ ಪರವಾಗಿ ಕ್ಷಮೆಯನ್ನೂ ಕೇಳಿದರು. ಶಂಕ್ರೆಪ್ಪ ಅಂದಿನಿಂದ ಅವರ ಮನೆಯ ನೀರು ಮುಟ್ಟಿಲ್ಲ.

"ನಿನ್ನಿ ಪಲ್ಯಾಕ್ಕ ಬಿ ಕೊಟ್ರು," ಎಂದು ದಾನೇಶ್ವರಿ ನನ್ನ ಹೆಂಡತಿ ವನಮಾಲಾಗೆ ಹೇಳುತ್ತಿದ್ದರು. "ಉಪ್ಪು ಒಂದ ಚಿಟಿಕಿ ಹೆಚ್ಚು, ಉಳಿದದ್ದು ಪರೀಕ್ಷಿಸಲಾಗಿದೆ ಅಂತ. ನಾ ಇವರನ್ನ ಪರೀಕ್ಷಾ ಮಾಡಿ ಒಂದ ಚೀಟಿ ಅಂಟಸ್ಲೇನು ವನಮಾಲಾ?" ನಾವು ನಕ್ಕೆವು. ನಗುವ ಕಾಲ ಅದು.

ಆ ಮೇ ತಿಂಗಳಲ್ಲಿ ನಮ್ಮ ವಾಲ್ವ್ ಕಂಪನಿಯನ್ನು ಪುಣೆಯ ದೊಡ್ಡ ಕಂಪನಿಯೊಂದು ಕೊಂಡಿತು. ಕೊಂಡ ಮೇಲೆ ಅಲ್ಲಿಂದ ಅಮೋಲ್ ಎಂಬ ಅಧಿಕಾರಿ ಬಂದ. ವಯಸ್ಸು ಮೂವತ್ತು, ಶರಟಿನ ಜೇಬಿನಲ್ಲಿ ಎರಡು ಪೆನ್ನು. ತಪಾಸಣೆಗೆ ಮೂವರು ಬೇಕಿಲ್ಲ, ಇಬ್ಬರು ಸಾಕು ಎಂದ. ಯಾರು ಉಳಿಯುವುದು, ಯಾರು ಹೋಗುವುದು ಎಂಬುದು ಅಪ್ರೈಸಲ್ ಫಾರ್ಮಿನ ಮೇಲೆ ಎಂದ. ಐವತ್ತು ದಾಟಿದವನಿಗೆ ಈ ಊರಿನಲ್ಲಿ ಇನ್ನೊಂದು ನೌಕರಿ ಸಿಗುವುದು ಎಷ್ಟು ಸುಲಭ ಎಂದು ನಮಗೆ ಮೂವರಿಗೂ ಗೊತ್ತಿತ್ತು. ರಂಜನಾ ಆ ವರ್ಷ ಕಾಲೇಜಿಗೆ ಸೇರುವವಳಿದ್ದಳು.

ಈ ಫಾರ್ಮಿನ ಸಂಪ್ರದಾಯವನ್ನು ಹೇಳಬೇಕು. ಅದರಲ್ಲಿ ಹತ್ತು ಪ್ರಶ್ನೆಗಳು, ಒಂದೊಂದಕ್ಕೂ ನಮಗೆ ನಾವೇ ಐದರಲ್ಲಿ ಇಷ್ಟು ಎಂದು ಅಂಕ ಕೊಟ್ಟುಕೊಳ್ಳಬೇಕು. ಎಲ್ಲರೂ ಐದು ಬರೆಯುತ್ತಾರೆ. ಎಲ್ಲರೂ ಐದು ಬರೆಯುತ್ತಾರೆಂದು ಮೇಲಿನವರಿಗೆ ಗೊತ್ತು. ಅವರು ಎರಡು ಕಡಿಮೆ ಮಾಡಿ ಮೂರು ಎಂದು ಬರೆದುಕೊಳ್ಳುತ್ತಾರೆ. ಹದಿನೈದು ವರ್ಷದಿಂದ ಈ ರೀತಿಯಲ್ಲಿ ಯಾರಿಗೂ ಮೋಸವಾಗದೆ, ಯಾರೂ ನಿಜ ಹೇಳದೆ ಕಂಪನಿ ನಡೆದುಕೊಂಡು ಬಂದಿದೆ.

ಶನಿವಾರ ಸಂಜೆ ಗುರುಪಾದರು ತುಂಬಿದ ಫಾರ್ಮು ಹಿಡಿದು ನಮ್ಮ ಮನೆಗೆ ಬಂದರು. "ಒಂದ ಸಲ ನೋಡ್ರಿ ರಾಮಸ್ವಾಮಿಯವ್ರ. ಹೆಂಗ ಬಂದೈತಿ?"

ಎಲ್ಲ ಪ್ರಶ್ನೆಗಳಿಗೂ ಮೂರು. ಕೆಳಗೆ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದರು: 'ಓದಲು ಕನ್ನಡಕ ಬೇಕಾಗುತ್ತದೆ. ಊಟದ ನಂತರ ಸುಮಾರು ಹತ್ತು ನಿಮಿಷ ತೂಕಡಿಕೆ. ಕಳೆದ ಆಗಸ್ಟಿನಲ್ಲಿ ಒಂದು ವಾಲ್ವು ಸೋರುವುದು ನನ್ನ ಕಣ್ಣಿಗೆ ಬೀಳದೆ ಹೋಯಿತು. ಯಾರೂ ದೂರಲಿಲ್ಲ, ಆದರೂ ನನಗೆ ಗೊತ್ತು. ನಾಚಿಕೆಯಾಗುತ್ತದೆ. ಮಿಕ್ಕಂತೆ ಪರೀಕ್ಷಿಸಲಾಗಿದೆ, ಕೆಲಸ ಮಾಡುತ್ತದೆ.'

ನನ್ನ ಫಾರ್ಮು ಒಳಗೆ ಟೀವಿಯ ಮೇಲಿತ್ತು. ಹತ್ತಕ್ಕೆ ಹತ್ತು ಐದು. 'ನಾಯಕತ್ವ' ಎಂಬ ಪ್ರಶ್ನೆಗೂ ಐದು. ನಾನು ಈ ಹದಿನೈದು ವರ್ಷದಲ್ಲಿ ನಾಯಕತ್ವ ವಹಿಸಿದ್ದು ಒಂದೇ ಸಲ, ಅದೂ ಕ್ಯಾಂಟೀನಿನಲ್ಲಿ ಚಹಾದ ಬೆಲೆ ಏರಿದಾಗ.

"ಚೆನ್ನಾಗಿದೆ," ಎಂದೆ.

ಅವರು ಹೋದ ಮೇಲೆ ವನಮಾಲಾ ಒಳಗಿನಿಂದ ಬಂದಳು. "ಏನ್ರೀ ಇದು? ಎರಡು ಕಳೀತಾರೆ ಅಂತ ನೆನಪು ಮಾಡ್ಬಾರ್ದಿತ್ತಾ? ಈ ಸಲ ಒಬ್ರು ಹೋಗ್ಲೇಬೇಕಲ್ಲ."

"ಹೇಳಿದ್ರೆ ಅವರು ಕೇಳೋ ಜನವಾ?" ಎಂದೆ.

"ಹೇಳಿ ನೋಡಿದ್ರಾ?"

ಹೆಂಗಸರಿಗೆ ಇಂಥ ವಿಷಯಗಳಲ್ಲಿ ಮುಂದಾಲೋಚನೆ ಕಡಿಮೆ. ಮೂವರಲ್ಲಿ ಒಬ್ಬರು ಹೋಗಲೇಬೇಕು ಎಂಬುದನ್ನು ಅವಳೇ ಹೇಳಿದ್ದಳಲ್ಲ. ನಾನು ಟೀವಿಯ ಸದ್ದು ಜೋರು ಮಾಡಿದೆ.

ಬುಧವಾರ ಅಮೋಲ್ ನನ್ನನ್ನು ಕರೆಸಿದ. ಗುರುಪಾದರ ಫಾರ್ಮು ಎದುರಿಗಿತ್ತು. "ರಾಮಸ್ವಾಮಿಜೀ, ಮೈ ಕನ್‌ಫ್ಯೂಸ್ ಹೂಂ. ಸಬ್ ನೇ ಫೈವ್ ಲಿಖಾ ಹೈ. ಇಸ್ ಆದ್ಮೀ ನೇ ಥ್ರೀ ಲಿಖಾ, ಊಪರ್ ಸೇ ಮಾಫೀ ಭೀ ಮಾಂಗೀ. ಆಪ್ ಪಡೋಸೀ ಹೋ. ಯೇ ಸಚ್ ಹೈ ಕ್ಯಾ?" ಎಲ್ಲರೂ ಐದು ಬರೆದಾಗ ಈತ ಮಾತ್ರ ಮೂರು ಬರೆದು ಕ್ಷಮೆ ಬೇರೆ ಕೇಳಿದ್ದಾನೆ, ಇದು ನಿಜವೇ ಎಂಬುದು ಪ್ರಶ್ನೆ.

ಹುಡುಗ ಕೆಟ್ಟವನಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ. 'ಸಾರ್, ಇವರ ಮೂರು ಎಂದರೆ ಐದು. ಇವರಿಗೆ ಕಳೆಯಬೇಡಿ, ಕಳೆಯುವುದಾದರೆ ನಮ್ಮಿಬ್ಬರದನ್ನು ಕಳೆಯಿರಿ. ಈ ವಿಭಾಗದಲ್ಲಿ ವಾಲ್ವು ಮುಟ್ಟುವವರು ಇವರೊಬ್ಬರೇ' ಎಂದರೆ ಮುಗಿದುಹೋಗುತ್ತಿತ್ತು. ಇಷ್ಟು ಉದ್ದದ ವಾಕ್ಯ ನನಗೆ ಹಿಂದಿಯಲ್ಲಿ ಬರುವುದಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಬಾಯಿಗೆ ಬಂದದ್ದು ಸಣ್ಣ ವಾಕ್ಯ.

"ಗುರುಪಾದ್‌ಜೀ ಝೂಠ್ ನಹೀ ಬೋಲ್ತೇ, ಸರ್."

ಗುರುಪಾದರು ಸುಳ್ಳು ಹೇಳುವುದಿಲ್ಲ. ಆ ಕಂಪನಿಯಲ್ಲಿ ನಾನು ಆಡಿದ ನಿಜದ ಮಾತು ಅದೊಂದೇ ಇರಬೇಕು. ಅಮೋಲ್ ತಲೆ ಆಡಿಸಿ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಎರಡು ಕಳೆಯುವ ಲೆಕ್ಕ ಎಲ್ಲರಿಗೂ ಒಂದೇ ಸಮನಾಗಿ ಅದರಲ್ಲಿ ಮೊದಲೇ ಕೂತಿತ್ತು. ನನಗೆ ಮೂರು, ಸದಾನಂದನಿಗೆ ಮೂರು, ಗುರುಪಾದರಿಗೆ ಒಂದು.

ತಿಂಗಳ ಕೊನೆಗೆ ಅವರ ಕೆಲಸ ಹೋಯಿತು. ಗುರುಪಾದರು ಅಮೋಲನ ಮೇಲೆ ಸಿಟ್ಟಾಗಲಿಲ್ಲ. ಅಂಕ ತಪ್ಪಿಲ್ಲ, ಕಳೆಯುವುದು ಅವರ ಪದ್ಧತಿ ಎಂದರು. ಸದಾನಂದ ಮಾತ್ರ ಎರಡು ದಿನ ಮುಖ ತೋರಿಸದೆ, ಮೂರನೇ ದಿನ ಸಿಹಿ ಹಂಚಲೋ ಬೇಡವೋ ಎಂದು ನನ್ನನ್ನು ಕೇಳಿದ. ದಾನೇಶ್ವರಿ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು. "ಅಣ್ಣಾರ, ನಿಮಗ ತೋರಿಸಾಕಂತನ ಬಂದಿದ್ರು ಅವ್ರು. ನೀವರೆ ಒಂದ ಮಾತ ಅನಬೇಕಿತ್ತು." ವನಮಾಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಂಕಟವಾಗುವುದಕ್ಕೂ ನನಗೆ ಸಂಬಳ ಬರುತ್ತಿತ್ತು.

ಪ್ರಾಯಶ್ಚಿತ್ತಕ್ಕೆ ದಾರಿಯೂ ಸಿಕ್ಕಿತು. ಕೆಲಸ ಬಿಟ್ಟವರಿಗೆ ಕೊಡುವ ಶಿಫಾರಸು ಪತ್ರವನ್ನು ಬರೆಯುವ ಹೊಣೆ ನನ್ನ ಮೇಲೆಯೇ ಬಿತ್ತು. ನನ್ನ ಇಂಗ್ಲಿಷಿನಲ್ಲಿ ಇದ್ದಬದ್ದ ವಿಶೇಷಣಗಳನ್ನೆಲ್ಲ ಅದರಲ್ಲಿ ಸುರಿದೆ. ಅಪ್ರತಿಮ, ನಿಷ್ಕಳಂಕ, ಅನುಕರಣೀಯ, ಸಂಸ್ಥೆಗೆ ತುಂಬಲಾರದ ನಷ್ಟ. ಅಮೋಲ್ ಓದದೆ ಸಹಿ ಹಾಕಿದ. ಓದಿದ ಗುರುಪಾದರು "ಇಷ್ಟೆಲ್ಲಾ ಎದಕ್ಕ ಬರದ್ರಿ?" ಎಂದು ಮುಜುಗರಪಟ್ಟುಕೊಂಡರು.

ಕುರ್ಲಾದಲ್ಲಿ ನಲ್ಲಿ ತಯಾರಿಸುವ ಧನರಾಜ್ ಸೇಠನಿಗೆ ತಪಾಸಣೆಯವನು ಬೇಕಾಗಿದ್ದಾನೆಂದು ತಿಳಿದು, ರಜೆ ಹಾಕಿ ನಾನೇ ಅವರನ್ನು ಕರೆದುಕೊಂಡು ಹೋದೆ. ಗುರುಪಾದರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸೇಠ್ ಅವರ ಕೈಗೊಂದು ನಲ್ಲಿ ಕೊಟ್ಟ. ಅವರು ಒಮ್ಮೆ ತಿರುವಿ, ಕಿವಿಗೆ ಹಿಡಿದು, "ಒಳಗಿನ ವಾಶರ್ ಸೊಟ್ಟ ಕುಂತೈತಿ," ಎಂದು ಹಿಂದಿಯಲ್ಲಿ ತಿಳಿಸಿದರು. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಸೇಠನ ಮುಖ ಅರಳಿತು. ಆಮೇಲೆ ನಾನು ಪತ್ರ ಕೊಟ್ಟೆ.

ಸೇಠ್ ಓದುತ್ತ ಓದುತ್ತ ಮುಖ ಬಿಗಿದುಕೊಂಡ. ಎರಡನೇ ಸಲ ಓದಿದ. ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದ. ಗುರುಪಾದರು ಸಾಮಾನು ನೋಡುತ್ತಿದ್ದದ್ದು ಹೀಗೆಯೇ.

"ಇತನಾ ಅಚ್ಛಾ ಆದ್ಮೀ, ತೋ ಛೋಡಾ ಕಾಯಕೋ?" ಎಂದ. ಇಷ್ಟು ಒಳ್ಳೆಯವನನ್ನು ಬಿಟ್ಟದ್ದೇಕೆ? ಆಮೇಲೆ ದನಿ ತಗ್ಗಿಸಿ, ಬಹಳ ಸ್ನೇಹದಿಂದ ಕೇಳಿದ. "ಸಚ್ ಬೋಲ್ ಭಾಯ್. ಚೋರೀ ಕಿಯಾ ಥಾ ಕ್ಯಾ?"

ಕದ್ದಿದ್ದೆಯಾ ಎಂದು ಕೇಳಿದ್ದಕ್ಕೆ ಗುರುಪಾದರು ಪತ್ರ ತೆಗೆದುಕೊಂಡು, ನಲ್ಲಿಯ ವಾಶರನ್ನು ಸರಿಯಾಗಿ ಕೂರಿಸಿ ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ ಹೊರಗೆ ಬಂದರು.

ವಡಾಲಾದಲ್ಲಿ ಗಾಡಿ ಬದಲಾಯಿಸಬೇಕು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ನಾನು ಸೇಠನನ್ನು ಬೈಯುತ್ತಿದ್ದೆ, ಬೈಗುಳ ಸರಾಗವಾಗಿ ಬರುತ್ತಿತ್ತು. ಗುರುಪಾದರು ಪತ್ರವನ್ನು ಮಂಡಿಯ ಮೇಲೆ ಹರಡಿ ನನ್ನ ಕಡೆಗೆ ಪೆನ್ನು ಚಾಚಿದರು.

"ಸೇಠಂದ ತಪ್ಪಿಲ್ರಿ. ಗೀರಽ ಇಲ್ಲದ ಮಾಲನ್ನ ನಾನೂ ತಗೋತಿದ್ದಿಲ್ಲ. ಹಂಗ ಮಾಡ್ರಿ, ಕೆಳಗ ಜಾಗಾ ಐತಿ, ಒಂದ ಐಬು ಬರದ ಕೊಡ್ರಿ. ಹದಿನೈದ ವರ್ಷ ಬಾಜೂಕ ಇದ್ದೀರಿ. ನನ್ನ ಐಬು ನಿಮಗಿಂತ ಯಾರಿಗೆ ಗೊತ್ತ?"

ನಾನು ಪೆನ್ನು ಹಿಡಿದು ಕೂತೆ. ಒಂದು ಗಾಡಿ ಬಂದು ಹೋಯಿತು. ಆ ಮನುಷ್ಯನ ಐಬು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯವನು 'ಚೆನ್ನಾಗಿದೆ' ಎಂದರೆ ಅದರಲ್ಲಿ ಒಂದು ಮೆಟ್ಟಿಲನ್ನೂ ಇಳಿಸದೆ ನಂಬುತ್ತಾರೆ. ಅದನ್ನು ಬರೆಯಲು ಕೈ ಬರಲಿಲ್ಲ. 'ಕೆಲಸದಲ್ಲಿ ಸ್ವಲ್ಪ ನಿಧಾನ' ಎಂದು ಬರೆದುಕೊಟ್ಟೆ.

ಗುರುಪಾದರು ಕನ್ನಡಕ ಹಾಕಿಕೊಂಡು ಓದಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು. "ಖರೇ ಐತ್ರಿ. ನಿಧಾನ ಅದೀನಿ ನಾ," ಎಂದು ಪತ್ರ ಮಡಚಿ ಜೇಬಿಗೆ ಇಟ್ಟು ನನ್ನ ಕೈ ಹಿಡಿದುಕೊಂಡರು. "ಮಾರಿ ಮ್ಯಾಲೆ ಐಬು ಹೇಳಾಂವ ಈ ಊರಾಗ ಸಿಗಂಗಿಲ್ಲ. ಎ ದರ್ಜೆ ಮನಷ್ಯಾ ಅದೀರಿ ರಾಮಸ್ವಾಮಿಯವ್ರ ನೀವು."

ಗುರುಪಾದರು ವ್ರತ ಹಿಡಿದ ಮೇಲೆ ಕೊಟ್ಟ ತಪ್ಪು ದರ್ಜೆ ಅದೊಂದೇ. ನಾನು ತಿದ್ದಲಿಲ್ಲ.